ಟ್ಯಾಟೂ ಇಂಕ್ ದೆಹಲಿ ನೋಡ್ಕೊಳ್ಳುತ್ತೆ, ಸೂಜಿ ನೋಡೋರು ಯಾರು? ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಉತ್ತರ ಸಿಗದ ಪ್ರಶ್ನೆ

ಸಾಗರ: ಕಟಿಂಗ್ ಶಾಪ್‌ನಲ್ಲಿ ಶೇವಿಂಗ್‌ಗೆ ಕೂತವರ ಕಣ್ಣು ಮೊದಲು ಹೋಗೋದು ಬ್ಲೇಡ್ ಮೇಲೆ. ಅಂಗಡಿಯವರು ಗಿರಾಕಿ ಎದುರೇ ಹೊಸ ಬ್ಲೇಡ್ ಕವರ್ ಬಿಚ್ಚಿ, ಅರ್ಧಕ್ಕೆ ಮುರಿದು ಕತ್ತಿಗೆ ಹಾಕಬೇಕು. ಹಾಕದಿದ್ದರೆ ಹಳ್ಳಿಯಿಂದ ಬಂದ ಅಜ್ಜನೂ "ಬ್ಲೇಡ್ ಬದಲ್ಸಿದ್ಯೇನಪ್ಪ" ಅಂತ ಕೇಳೇ ಕೇಳ್ತಾರೆ. ಮೂವತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಒಂದೇ ಕತ್ತಿ, ಒಂದೇ ಸಾಣೆ ಬೆಲ್ಟ್, ಇಡೀ ಊರಿನ ಗಡ್ಡ. ಎಚ್‌ಐವಿ ಬಗ್ಗೆ ಊರೂರಲ್ಲಿ ಪ್ರಚಾರ ನಡೆದ ಮೇಲೆ ಜನ ಕೇಳೋಕೆ ಶುರು ಮಾಡಿದರು, ಅಂಗಡಿಯವರು ಬದಲಾದರು. ಪೊಲೀಸರು ಬಂದು ಬದಲಾಯಿಸಿದ್ದಲ್ಲ.

ಅದೇ ಮನೆಯ ಹುಡುಗ ಜಾತ್ರೆ ಬಯಲಲ್ಲಿ ಕೈ ಚಾಚಿ ಕೂತು ಟ್ಯಾಟೂ ಹಾಕಿಸಿಕೊಳ್ಳುವಾಗ ಸೂಜಿ ಹೊಸದಾ ಅಂತ ಕೇಳೋದಿಲ್ಲ. ಡಿಸೈನ್ ಕೇಳ್ತಾನೆ, ರೇಟ್ ಕೇಳ್ತಾನೆ, ನೋವಾಗುತ್ತಾ ಅಂತ ಕೇಳ್ತಾನೆ. ಬ್ಲೇಡ್ ಚರ್ಮದ ಮೇಲೆ ಓಡುತ್ತೆ, ತಪ್ಪಿದರೆ ಮಾತ್ರ ಗಾಯ. ಟ್ಯಾಟೂ ಸೂಜಿಯ ಕೆಲಸವೇ ಗಾಯ ಮಾಡೋದು.

ಸರ್ಕಾರ ಮಾತಾಡಿದ್ದು ಇಂಕ್ ಬಗ್ಗೆ

2025ರ ಆರಂಭದಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಟ್ಯಾಟೂ ವಿಷಯ ಎತ್ತಿದರು. ರಾಜ್ಯದಲ್ಲಿ ಪರೀಕ್ಷೆಗೆ ಒಳಪಡಿಸಿದ ಟ್ಯಾಟೂ ಇಂಕ್‌ನಲ್ಲಿ 22 ಬಗೆಯ ಲೋಹಗಳು ಸಿಕ್ಕಿವೆ, ಇದಕ್ಕೆ ದೇಶದಲ್ಲಿ ಗುಣಮಟ್ಟದ ಮಾನದಂಡವೇ ಇಲ್ಲ, ಕೇಂದ್ರಕ್ಕೆ ಬರೆಯುತ್ತೇವೆ ಎಂಬುದು ಆಗಿನ ಮಾತಿನ ಸಾರ. ಟಿವಿಯಲ್ಲಿ ಎರಡು ದಿನ ಓಡಿತು. ಟ್ಯಾಟೂ ಹಾಕಿಸಿಕೊಂಡರೆ ಕ್ಯಾನ್ಸರ್ ಅಂತ ವಾಟ್ಸ್ಆ್ಯಪ್‌ನಲ್ಲಿ ತಿರುಗಿತು. ಆಮೇಲೆ ತಣ್ಣಗಾಯಿತು.

ಸಚಿವರು ಎತ್ತಿದ ವಿಷಯ ಸುಳ್ಳಲ್ಲ. ಬಣ್ಣ ಬಳಸಿದ ಸೌಂದರ್ಯವರ್ಧಕಗಳಿಗೆ, ಅಂದರೆ ಲಿಪ್‌ಸ್ಟಿಕ್, ಕಾಡಿಗೆಯಂಥವುಗಳಿಗೆ, ನಮ್ಮ ದೇಶದಲ್ಲಿ ಮಿತಿ ಇದೆ. ಸೀಸ 20 ಪಿಪಿಎಂ, ಆರ್ಸೆನಿಕ್ 2 ಪಿಪಿಎಂ ದಾಟುವಂತಿಲ್ಲ. ರಾತ್ರಿ ಮುಖ ತೊಳೆದರೆ ಹೋಗೋ ಬಣ್ಣಕ್ಕೆ ಇಷ್ಟು ಲೆಕ್ಕ. ಚರ್ಮದ ಒಳಪದರಕ್ಕೆ ಇಳಿದು ಸಾಯೋವರೆಗೂ ಅಲ್ಲೇ ಇರೋ ಬಣ್ಣಕ್ಕೆ ಅಂಥ ಸ್ಪಷ್ಟ ಲೆಕ್ಕ ಇಲ್ಲ. ವಿಚಿತ್ರ ಅಂದರೆ, 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲಿ ಸೌಂದರ್ಯವರ್ಧಕ ಎಂದರೇನು ಅಂತ ಹೇಳುವಾಗ ಮೈಗೆ ಹಚ್ಚುವ, ಸುರಿಯುವ, ಸಿಂಪಡಿಸುವ ವಸ್ತುಗಳ ಜೊತೆಗೆ ದೇಹದ ಒಳಗೆ ಸೇರಿಸುವ ವಸ್ತುವನ್ನೂ ಹೆಸರಿಸಲಾಗಿದೆ. ಟ್ಯಾಟೂ ಇಂಕ್ ಅದರಲ್ಲಿ ಸರಾಗವಾಗಿ ಕೂರುತ್ತೆ. ಆದರೆ ಇಂಕ್‌ಗೇ ಅಂತ ಮಾನದಂಡ ಬರೆಯದೆ ಇನ್‌ಸ್ಪೆಕ್ಟರ್ ಬಂದು ಬಾಟಲಿ ಎತ್ತಿಕೊಂಡು ಹೋದರೂ ಯಾವುದಕ್ಕೆ ಹೋಲಿಸಿ ತಪ್ಪು ಅನ್ನೋದು?

ಯುರೋಪ್ ಒಕ್ಕೂಟ ಈ ಕೆಲಸ ಮಾಡಿ ಮುಗಿಸಿದೆ. 2022ರ ಜನವರಿ 4ರಿಂದ ಟ್ಯಾಟೂ ಇಂಕ್‌ನಲ್ಲಿ ಸುಮಾರು 4,000 ರಾಸಾಯನಿಕಗಳಿಗೆ ಅಲ್ಲಿ ನಿಷೇಧ ಅಥವಾ ಮಿತಿ ಇದೆ. ಭಾರತದಲ್ಲಿ ಅದು ಆಗಬೇಕಾದರೆ ದೆಹಲಿಯಲ್ಲೇ ಆಗಬೇಕು. ಸಾಗರ ನಗರಸಭೆಯಾಗಲಿ ಹೊಸನಗರ ಪಟ್ಟಣ ಪಂಚಾಯಿತಿಯಾಗಲಿ ಇಂಕ್ ಬಾಟಲಿಯೊಳಗೆ ಏನಿದೆ ಅಂತ ಪತ್ತೆ ಮಾಡೋಕೆ ಆಗಲ್ಲ, ಅದನ್ನ ಅವರಿಂದ ನಿರೀಕ್ಷಿಸೋದೂ ತಪ್ಪು.

ಆದರೆ ಇಂಕ್‌ನಲ್ಲಿರೋ ಲೋಹದ ಅಪಾಯ ನಿಧಾನದ್ದು, ಇನ್ನೂ ಸಂಶೋಧನೆ ನಡೆಯುತ್ತಿರುವಂಥದ್ದು. ಸೂಜಿಯ ಅಪಾಯ ಹಾಗಲ್ಲ, ಅದು ಒಂದೇ ಸಂಜೆಯಲ್ಲಿ ಆಗಿಬಿಡುತ್ತೆ. ಅದನ್ನ ತಡೆಯೋ ಅಧಿಕಾರ ಮಾತ್ರ ತಾಲೂಕಿನಲ್ಲೇ ಇದೆ.

ಎಲ್ಲರೂ ಹೆದರೋದು ಎಚ್‌ಐವಿಗೆ, ಹೆದರಬೇಕಾದ್ದು ಇನ್ನೊಂದಕ್ಕೆ

ಟ್ಯಾಟೂ ಮಷಿನ್ ಸೂಜಿ ಚರ್ಮದೊಳಗೆ ಒಂದೆರಡು ಮಿಲಿಮೀಟರ್ ಇಳಿಯುತ್ತೆ, ನಿಮಿಷಕ್ಕೆ ಸಾವಿರಾರು ಸಲ. ಮೇಲೆ ಒರೆಸೋ ಟಿಶ್ಯೂದಲ್ಲಿ ಇಂಕ್ ಜೊತೆ ರಕ್ತ ಇದ್ದೇ ಇರುತ್ತೆ. ಆ ಸೂಜಿ ಇನ್ನೊಬ್ಬರಿಗೆ ಹೋದರೆ ಮೂರು ವೈರಸ್‌ಗಳಿಗೆ ದಾರಿ ತೆರೆದಂತೆ: ಎಚ್‌ಐವಿ, ಹೆಪಟೈಟಿಸ್ ಸಿ, ಹೆಪಟೈಟಿಸ್ ಬಿ.

ಆಸ್ಪತ್ರೆ ಸಿಬ್ಬಂದಿಗೆ ಆಕಸ್ಮಿಕವಾಗಿ ಸೋಂಕಿತರ ಸೂಜಿ ಚುಚ್ಚಿದಾಗ ಏನಾಗುತ್ತೆ ಅನ್ನೋ ಲೆಕ್ಕ ವೈದ್ಯಲೋಕದಲ್ಲಿ ಇದೆ. ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ 0.3. ಹೆಪಟೈಟಿಸ್ ಸಿ ಶೇ 1.8ರಷ್ಟು. ಹೆಪಟೈಟಿಸ್ ಬಿ, ಲಸಿಕೆ ಹಾಕಿಸಿಕೊಳ್ಳದವರಿಗೆ, ಶೇ 6ರಿಂದ 30. ಇಂಜೆಕ್ಷನ್ ಸೂಜಿಯ ಲೆಕ್ಕವನ್ನ ಟ್ಯಾಟೂ ಸೂಜಿಗೆ ಹಾಗೇ ಕೂರಿಸೋಕೆ ಬರೋದಿಲ್ಲ, ಇಂಜೆಕ್ಷನ್ ಸೂಜಿ ಕೊಳವೆ, ಇದು ಗಟ್ಟಿ. ಆದರೂ ಮೂರರಲ್ಲಿ ಯಾವುದು ಮುಂದೆ ಅನ್ನೋದು ಗೊತ್ತಾಗುತ್ತೆ. ಇನ್ನೊಂದು ಮಾತು, ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಿರಬಲ್ಲದು. ಹಿಂದಿನ ವಾರದ ಸಂತೆಯಲ್ಲಿ ಬಳಸಿದ ಸೂಜಿ ಈ ವಾರದ ಸಂತೆಗೆ ಬರೋವಷ್ಟು ಸಮಯ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ವರದಿ ಪ್ರಕಾರ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇರುವವರು 2.98 ಕೋಟಿ ಜನ. ಬಹಳಷ್ಟು ಮಂದಿಗೆ ಗೊತ್ತೇ ಇರೋದಿಲ್ಲ. ಕೆಲವರಿಗೆ ಕಾಮಾಲೆ ಬರುತ್ತೆ, ನಾಟಿ ಔಷಧಿ ತಗೊಂಡು ಪಥ್ಯ ಮಾಡ್ತಾರೆ, ಕಣ್ಣಿನ ಹಳದಿ ಹೋಗುತ್ತೆ, ವಾಸಿಯಾಯ್ತು ಅನ್ಕೊಳ್ತಾರೆ. ಎಲ್ಲ ಕಾಮಾಲೆಯೂ ಒಂದೇ ಜಾತಿ ಅಲ್ಲ. ನೀರಿನಿಂದ ಬರುವ ಕಾಮಾಲೆ ಬಹುತೇಕ ತಾನಾಗೇ ಇಳಿಯುತ್ತೆ, ಯಾವ ಔಷಧಿ ಕೊಟ್ಟರೂ ಕೊಡದಿದ್ದರೂ. ರಕ್ತದಿಂದ ಬರುವುದು ಕೆಲವರಲ್ಲಿ ಒಳಗೇ ಕೂತು ಇಪ್ಪತ್ತು ಮೂವತ್ತು ವರ್ಷದಲ್ಲಿ ಲಿವರ್ ತಿಂದು ಹಾಕುತ್ತೆ.

ಇದಕ್ಕೆ ಲಸಿಕೆ ಇದೆ. ಆದರೆ ಮಕ್ಕಳ ಸರ್ಕಾರಿ ಲಸಿಕೆ ಪಟ್ಟಿಗೆ ಅದು ಕರ್ನಾಟಕದಲ್ಲಿ ಸೇರಿದ್ದು 2007–08ರ ಹೊತ್ತಿಗೆ, ಇಡೀ ದೇಶಕ್ಕೆ 2011ರಲ್ಲಿ. ಅಂದರೆ ಈಗ ಇಪ್ಪತ್ತು ದಾಟಿದವರಲ್ಲಿ, ಪೋಷಕರು ಖಾಸಗಿಯಾಗಿ ಹಾಕಿಸಿದ್ದರೆ ಬಿಟ್ಟು, ಹೆಚ್ಚಿನವರಿಗೆ ಈ ಲಸಿಕೆ ಬಿದ್ದಿಲ್ಲ. ಟ್ಯಾಟೂ ಕುರ್ಚಿಯಲ್ಲಿ ಕೂರೋ ವಯಸ್ಸೂ ಅದೇ. ಸೂಜಿ ಹಿಡಿಯೋ ಹುಡುಗರ ವಯಸ್ಸೂ ಅದೇ. ದಿನಾ ಹತ್ತು ಜನರ ರಕ್ತ ಮುಟ್ಟೋದು ಅವರೇ. ಮೊದಲು ಲಸಿಕೆ ಬೇಕಾಗಿರೋದು ಅವರಿಗೆ. ಮೂರು ಡೋಸ್, ಮೊದಲನೆಯದಾದ ಮೇಲೆ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ದುಬಾರಿ ಏನಲ್ಲ.

ಹಚ್ಚೆ ಇತ್ತಲ್ಲ, ಅವರಿಗೇನಾಯ್ತು?

ಮಲೆನಾಡಲ್ಲಿ ಈ ಮಾತಿಗೆ ಎಲ್ಲರ ಮನೆಯಲ್ಲೂ ಒಂದು ಪ್ರಶ್ನೆ ರೆಡಿ ಇರುತ್ತೆ. ಅಜ್ಜಿ ಮುಂಗೈ ಮೇಲೆ ಹಚ್ಚೆ ಇತ್ತು, ತೊಂಬತ್ತು ವರ್ಷ ಬದುಕಿದರು, ಕೊರವಂಜಿ ಬಂದು ಜಗಲಿ ಮೇಲೆ ಕೂತು ದೀಪದ ಮಸಿ, ಸೊಪ್ಪಿನ ರಸ ಕಲಸಿ ಚುಚ್ಚಿದ್ದಳು, ಏನೂ ಆಗಿಲ್ಲ ಅಂತ. ಏನೂ ಆಗದೆ ಉಳಿದವರೇ ಇವತ್ತು ಕತೆ ಹೇಳೋಕೆ ಇರೋದು. ಕೈ ಬಾತು ಜ್ವರ ಬಂದು ಹೋದವರಿಗೆ ಹಚ್ಚೆಯಿಂದ ಹೋದರು ಅಂತ ಯಾರೂ ಬರೆದಿಟ್ಟಿಲ್ಲ. ಅದೂ ಅಲ್ಲದೆ ಆ ಕಾಲದಲ್ಲಿ ಒಂದು ಕೇರಿಯಲ್ಲಿ ಚುಚ್ಚಿಸಿಕೊಳ್ಳುತ್ತಿದ್ದವರು ನಾಲ್ಕೈದು ಹೆಣ್ಣುಮಕ್ಕಳು. ಈಗ ಜಾತ್ರೆಯ ಒಂದು ಮಳಿಗೆಯಲ್ಲಿ ಒಂದೇ ರಾತ್ರಿ ಎಷ್ಟೋ ಊರಿನವರು ಸಾಲು ನಿಲ್ತಾರೆ.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ವರ್ಷಕ್ಕೊಮ್ಮೆ. ಇವಲ್ಲದೆ ವಾರದ ಸಂತೆ, ಊರ ತೇರು. ಬಳೆ ಅಂಗಡಿ, ಮಿಠಾಯಿ ಅಂಗಡಿ ಪಕ್ಕ ಬ್ಯಾಟರಿ ಮೇಲೆ ಓಡೋ ಮಷಿನ್ ಇಟ್ಟುಕೊಂಡು ಹೆಸರು, ಹೃದಯ, ತ್ರಿಶೂಲ ಬರೆಯೋರು ಎಲ್ಲ ಜಾತ್ರೆಗೂ ಬರ್ತಾರೆ. ನೀರಿನ ನಲ್ಲಿ ಇರಲ್ಲ. ಕೈ ತೊಳೆಯೋ ಜಾಗ ಇರಲ್ಲ. ಮೇಲೆ ಹುಡಿಮಣ್ಣು. ರೇಟ್ ಪೇಟೆ ಅಂಗಡಿಯ ಹತ್ತರಲ್ಲಿ ಒಂದು ಪಾಲೂ ಇರಲ್ಲ. ಆ ರೇಟಿನಲ್ಲಿ ಪ್ರತಿ ಗಿರಾಕಿಗೆ ಹೊಸ ಸೂಜಿ, ಹೊಸ ಗ್ಲೌಸ್, ಹೊಸ ಇಂಕ್ ಕಪ್ ಕೊಟ್ಟರೆ ಅಸಲೂ ಹುಟ್ಟೋದು ಕಷ್ಟ. ವ್ಯಾಪಾರ ಮಾಡೋ ಯಾರಿಗೇ ಆದರೂ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ತೀರ್ಥಹಳ್ಳಿಯಲ್ಲಿ ಇನ್ನೊಂದು ಸಮಸ್ಯೆ. ಜಾತ್ರೆಗೆ ಬಂದವರು ತುಂಗೆಯಲ್ಲಿ ಮುಳುಗು ಹಾಕ್ತಾರೆ. ಚುಚ್ಚಿಸಿಕೊಂಡ ಕೈಯಲ್ಲೇ ಹೊಳೆಗೆ ಇಳಿದರೆ ಹಸಿ ಗಾಯಕ್ಕೆ ಹೊಳೆ ನೀರು ತಾಗುತ್ತೆ. ಸ್ನಾನ ಮೊದಲು ಆಗಲಿ, ಟ್ಯಾಟೂ ಆಮೇಲೆ. ಹಾಕಿಸಿಕೊಳ್ಳದೇ ಇದ್ದರೆ ಇನ್ನೂ ಒಳ್ಳೇದು.

ಒಳ್ಳೆ ಕುರ್ಚಿ ಹೇಗಿರುತ್ತೆ

ಪೇಟೆಯ ಸ್ಟುಡಿಯೋಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕೋದು ಅನ್ಯಾಯ. ಬೆಂಗಳೂರಲ್ಲೋ ಮಂಗಳೂರಲ್ಲೋ ಕೆಲಸ ಕಲಿತು ಊರಿಗೆ ಬಂದು ಅಂಗಡಿ ಹಾಕಿದ ಹುಡುಗರು ಶುಚಿಯಾಗಿ ಕೆಲಸ ಮಾಡ್ತಾರೆ. ಅವರ ಕೆಲಸ ನೋಡಿದರೆ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತೆ.

ಸೂಜಿ ಈಗ ಹೆಚ್ಚಾಗಿ ಕಾಟ್ರಿಜ್ ರೂಪದಲ್ಲಿ ಬರುತ್ತೆ. ಒಂದೊಂದೂ ಸೀಲ್ ಆದ ಪ್ಯಾಕೆಟ್, ಮೇಲೆ ಎಕ್ಸ್‌ಪೈರಿ ದಿನಾಂಕ. ಗಿರಾಕಿ ಎದುರು ಸೀಲ್ ಹರಿಯಬೇಕು, ಕೆಲಸ ಮುಗಿದ ಮೇಲೆ ಗಿರಾಕಿ ಎದುರೇ ಚುಚ್ಚದಂಥ ಗಟ್ಟಿ ಡಬ್ಬಕ್ಕೆ ಹಾಕಬೇಕು. ದೊಡ್ಡ ಬಾಟಲಿಯಿಂದ ಪುಟ್ಟ ಕಪ್‌ಗೆ ಸುರಿದ ಇಂಕ್ ಉಳಿದರೆ ಎಸೆಯಬೇಕು. ಕಷ್ಟ ಇರೋದು ಇಲ್ಲೇ. ಇಂಕ್ ದುಬಾರಿ, ಎಸೆಯೋಕೆ ಮನಸ್ಸು ಬರಲ್ಲ. ಹೊಸ ಸೂಜಿ ಹಾಕಿ ಹಳೇ ಕಪ್‌ನಲ್ಲಿ ಅದ್ದಿದರೆ ಹೊಸ ಸೂಜಿ ಹಾಕಿಯೂ ಪ್ರಯೋಜನ ಇಲ್ಲ, ಹಿಂದಿನವರ ರಕ್ತ ಕಪ್‌ನಲ್ಲೇ ಇರುತ್ತೆ. ಮಷಿನ್ ಹಿಡಿಕೆ, ವೈರ್, ಸ್ಪ್ರೇ ಬಾಟಲಿ, ಇವನ್ನೆಲ್ಲ ರಕ್ತ ಮೆತ್ತಿದ ಗ್ಲೌಸ್‌ನಲ್ಲೇ ಮುಟ್ಟೋದು, ಆದ್ದರಿಂದ ಪ್ಲಾಸ್ಟಿಕ್ ಸುತ್ತಿ ಪ್ರತಿ ಗಿರಾಕಿಗೂ ಬದಲಿಸಬೇಕು. ಅದೇ ಗ್ಲೌಸ್‌ನಲ್ಲಿ ಮೊಬೈಲ್ ಎತ್ತಿ ಹಲೋ ಅಂದರೆ ಅಲ್ಲಿಗೆ ಮುಗೀತು. ಟ್ಯಾಟೂ ಹಾಕೋ ಮುಂಚೆ ಕೂದಲು ತೆಗೆಯೋ ರೇಜರ್‌ಗೂ ಇದೇ ಮಾತು, ಕಟಿಂಗ್ ಶಾಪ್‌ನಲ್ಲಿ ಬ್ಲೇಡ್ ನೋಡೋರು ಇಲ್ಲೂ ನೋಡಬಹುದು.

ಮತ್ತೆ ಬಳಸುವ ಲೋಹದ ಸಾಮಾನು ಇದ್ದರೆ ಆಟೋಕ್ಲೇವ್ ಬೇಕು. ಕುಕ್ಕರ್ ತರದ್ದೇ ಯಂತ್ರ, 121 ಡಿಗ್ರಿ ಹಬೆಯಲ್ಲಿ ಒತ್ತಡದ ಜೊತೆ 15–20 ನಿಮಿಷ. ಬಿಸಿನೀರಲ್ಲಿ ಅದ್ದೋದು, ಡೆಟಾಲ್‌ನಲ್ಲಿ ತೊಳೆಯೋದು, ಲೈಟರ್‌ನಲ್ಲಿ ಸೂಜಿ ತುದಿ ಕಾಯಿಸೋದು, ಇವೆಲ್ಲ ಮನಸ್ಸಿಗೆ ಸಮಾಧಾನ ಅಷ್ಟೇ.

ನೀರಿನ ವಿಷಯ ಬೇರೆ ಹೇಳಬೇಕು, ಯಾಕೆಂದರೆ ಅದನ್ನ ಯಾರೂ ಅಪಾಯ ಅನ್ಕೊಳ್ಳೋದಿಲ್ಲ. ನೆರಳಿನ ಬಣ್ಣ ಬರಿಸೋಕೆ ಕಪ್ಪು ಇಂಕ್‌ಗೆ ನೀರು ಬೆರೆಸಿ ತಿಳಿ ಮಾಡ್ತಾರೆ. 2011ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಟ್ಯಾಟೂ ಹಾಕಿಸಿಕೊಂಡ 19 ಮಂದಿಗೆ ಚರ್ಮದ ಮೇಲೆ ವಾಸಿಯಾಗದ ಕೆಂಪು ಗಂಟು ಎದ್ದವು. ಹುಡುಕಿದರೆ, ಮೊದಲೇ ನೀರು ಬೆರೆಸಿ ತಯಾರಿಸಿದ ಬೂದು ಇಂಕ್‌ನಲ್ಲಿ ಕ್ಷಯದ ರೋಗಾಣುವಿನ ಕುಲಕ್ಕೇ ಸೇರಿದ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದ ಜಾತಿ. ಬೆರೆಸಿದ್ದು ಭಟ್ಟಿ ಇಳಿಸಿದ ನೀರು. ಮಲೆನಾಡಿನ ಬಾವಿ ನೀರು, ಅಬ್ಬಿ ನೀರು ಕುಡಿಯೋಕೆ ಎಷ್ಟೇ ಸಿಹಿ ಇದ್ದರೂ ಚರ್ಮದೊಳಗೆ ಇಳಿಸೋ ನೀರಲ್ಲ. ಸೀಲ್ ಆದ ಸ್ಟೆರೈಲ್ ನೀರು ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತೆ.

ಕಿವಿ ಚುಚ್ಚೋದೂ ಇದೇ ಲೆಕ್ಕ

ಟ್ಯಾಟೂ ಎಲ್ಲರಿಗೂ ಸಂಬಂಧಿಸಿದ್ದಲ್ಲ. ಕಿವಿ, ಮೂಗು ಚುಚ್ಚಿಸೋದು ಹೆಚ್ಚುಕಮ್ಮಿ ಪ್ರತಿ ಮನೆಯದ್ದು. ಆಚಾರ್ರನ್ನ ಮನೆಗೆ ಕರೆಸಿ, ಮಗುವನ್ನ ಸೋದರಮಾವನ ತೊಡೆ ಮೇಲೆ ಕೂರಿಸಿ ಚಿನ್ನದ ತಂತಿಯಲ್ಲಿ ಚುಚ್ಚಿಸೋ ಶಾಸ್ತ್ರ ಈಗಲೂ ಇದೆ. ಚಿನ್ನ ಒಳ್ಳೇದೇ, ಚರ್ಮಕ್ಕೆ ಅಷ್ಟಾಗಿ ಅಲರ್ಜಿ ಮಾಡಲ್ಲ. ಇಮಿಟೇಶನ್ ಓಲೆಯ ನಿಕ್ಕಲ್‌ನಿಂದಲೇ ಅರ್ಧ ಜನರ ಕಿವಿ ಸೋರೋದು. ಆದರೆ ತಂತಿ ಹಿಡಿದ ಕೈ, ತಂತಿಯ ತುದಿ, ಹಚ್ಚೋ ಎಣ್ಣೆ, ಅರಿಶಿನ ಶುಚಿಯಾಗಿದೆಯಾ ಅನ್ನೋದು ಚಿನ್ನದ ಕ್ಯಾರೆಟ್‌ನಿಂದ ಗೊತ್ತಾಗಲ್ಲ. ಮಗುವಿಗೆ ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವಲೆಂಟ್ ಲಸಿಕೆ ಮುಗಿಸಿ ಆಮೇಲೆ ಚುಚ್ಚಿಸೋದು ಜಾಣತನ. ಧನುರ್ವಾಯು, ಹೆಪಟೈಟಿಸ್ ಬಿ ಎರಡೂ ಆ ಲಸಿಕೆಯಲ್ಲೇ ಬರುತ್ತೆ. ಶಾಸ್ತ್ರಕ್ಕೆ ಒಂದೆರಡು ತಿಂಗಳು ಹೆಚ್ಚುಕಮ್ಮಿ ಆದರೆ ಯಾರೂ ಬೇಡ ಅನ್ನಲ್ಲ.

ಫ್ಯಾನ್ಸಿ ಸ್ಟೋರ್, ಬ್ಯೂಟಿ ಪಾರ್ಲರ್‌ಗಳಲ್ಲಿ ಗನ್ ಬಂದಿದೆ. ಟಕ್ ಅಂದರೆ ಮುಗೀತು. ಹೆಚ್ಚಿನ ಗನ್‌ಗಳು ಪ್ಲಾಸ್ಟಿಕ್, ಆಟೋಕ್ಲೇವ್‌ಗೆ ಹಾಕಿದರೆ ಕರಗುತ್ತೆ, ಆದ್ದರಿಂದ ಸ್ಪಿರಿಟ್‌ನಲ್ಲಿ ಒರೆಸೋದೇ ಶುದ್ಧಿ. ಕಿವಿಯ ಕೆಳಗಿನ ಮೆತ್ತನೆ ಹಾಲೆಗೆ ಇದು ಹೇಗೋ ನಡೆದುಹೋಗುತ್ತೆ. ಕಾಲೇಜು ಹುಡುಗ ಹುಡುಗಿಯರು ಈಗ ಕೇಳೋದು ಮೇಲಿನ ಗಟ್ಟಿ ಭಾಗ. ಅಲ್ಲಿರೋದು ಮೃದ್ವಸ್ಥಿ, ಅದಕ್ಕೆ ಸ್ವಂತ ರಕ್ತನಾಳ ಇಲ್ಲ. ಗನ್ ಹೊಡೆತಕ್ಕೆ ಅದು ಜಜ್ಜಿಹೋಗುತ್ತೆ, ಸೋಂಕು ಆದರೆ ಔಷಧಿ ತಲುಪೋದೂ ನಿಧಾನ. ಕೀವು ತುಂಬಿ ಕಿವಿಯ ಆಕಾರವೇ ಮುದುಡಿಕೊಳ್ಳೋದೂ ಉಂಟು. ಹಾಲೆಯ ಗಾಯ ಆರರಿಂದ ಎಂಟು ವಾರದಲ್ಲಿ ಮಾಗಿದರೆ, ಮೇಲಿನದಕ್ಕೆ ತಿಂಗಳುಗಟ್ಟಲೆ ಬೇಕು. ಪಾರ್ಲರ್ ನಡೆಸೋರು ಮೇಲಿನ ಭಾಗಕ್ಕೆ ಗನ್ ಹೊಡೆಯಲ್ಲ ಅಂತ ಒಂದು ಬೋರ್ಡ್ ಹಾಕಿದರೆ ನಾಲ್ಕು ಗಿರಾಕಿ ತಪ್ಪಬಹುದು, ಒಂದು ರಂಪ ತಪ್ಪುತ್ತೆ.

ಮಳೆಗಾಲದಲ್ಲಿ ಈ ಎಲ್ಲ ಗಾಯಗಳ ಕತೆ ಇನ್ನೂ ಕೆಟ್ಟದ್ದು. ಆಗುಂಬೆ, ಹುಲಿಕಲ್ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗೋದೇ ಕಷ್ಟ, ಗಾಯ ಒಣಗೋದು ಎಲ್ಲಿಂದ? ಟ್ಯಾಟೂ ಮೇಲ್ಪದರ ಕೂಡಿಕೊಳ್ಳೋಕೆ ಎರಡು ಮೂರು ವಾರ ಬೇಕು. ಆ ಗಾಯ ಇಟ್ಟುಕೊಂಡು ಸಸಿ ನೆಟ್ಟರೆ, ತೋಟದ ಬಸಿಗಾಲುವೆ ಎತ್ತಿದರೆ, ಇಲಿಜ್ವರದ ರೋಗಾಣುವಿಗೆ ಬಾಗಿಲು ತೆಗೆದಿಟ್ಟ ಹಾಗೆ. ಇಲಿ ಮೂತ್ರ ಬೆರೆತ ಕೆಸರಿನಿಂದ ಗಾಯದ ಮೂಲಕವೇ ಅದು ದೇಹ ಸೇರೋದು. ಗದ್ದೆ, ತೋಟದ ಕೆಲಸ ಇರೋರು ಟ್ಯಾಟೂ ಆಸೆ ಇದ್ದರೆ ಬೇಸಿಗೆಗೆ ಇಟ್ಟುಕೊಳ್ಳಲಿ.

ಅಧಿಕಾರ ಯಾರ ಕೈಯಲ್ಲಿದೆ?

ಕ್ಲಿನಿಕ್ ತೆರೆಯೋಕೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಟ್ಯಾಟೂ ಸ್ಟುಡಿಯೋ ಕ್ಲಿನಿಕ್ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಆಸ್ಪತ್ರೆ, ಲ್ಯಾಬ್, ರಕ್ತದಾನ ಶಿಬಿರ, ಶಾಲೆಯ ಪ್ರಥಮ ಚಿಕಿತ್ಸಾ ಕೊಠಡಿಯನ್ನೂ ಹೆಸರಿಸುತ್ತೆ, ಟ್ಯಾಟೂ ಸ್ಟುಡಿಯೋವನ್ನ ಹೆಸರಿಸಿಲ್ಲ. ಅಂಗಡಿ ಮುಂಗಟ್ಟು ಕಾಯ್ದೆ ಬಾಗಿಲು ತೆಗೆಯೋ ಹೊತ್ತು, ಕೆಲಸಗಾರರ ರಜೆ ನೋಡುತ್ತೆ, ಸೂಜಿ ನೋಡಲ್ಲ. ಎಷ್ಟು ವಯಸ್ಸಿಗೆ ಟ್ಯಾಟೂ ಹಾಕಬಹುದು ಅಂತ ಹೇಳೋ ಪ್ರತ್ಯೇಕ ಕಾನೂನೂ ಇಲ್ಲ. ಒಳ್ಳೆ ಸ್ಟುಡಿಯೋಗಳು 18 ಆಗದವರನ್ನ ವಾಪಸ್ ಕಳಿಸ್ತವೆ, ಅದು ಅವರ ಸ್ವಂತ ನಿಯಮ. ಜಾತ್ರೆಯಲ್ಲಿ ಎಂಟನೇ ಕ್ಲಾಸಿನ ಹುಡುಗ ಕೈ ಚಾಚಿದರೂ ಕೇಳೋರಿಲ್ಲ.

ಉಳಿಯೋದು ಉದ್ದಿಮೆ ಪರವಾನಗಿ. ಸಾಗರದಲ್ಲಿ ನಗರಸಭೆ, ಹೊಸನಗರ ಮತ್ತು ತೀರ್ಥಹಳ್ಳಿಯಲ್ಲಿ ಪಟ್ಟಣ ಪಂಚಾಯಿತಿ, ಆನಂದಪುರ, ಕೋಣಂದೂರಿನಂಥ ಊರಲ್ಲಿ ಗ್ರಾಮ ಪಂಚಾಯಿತಿ. ಹೋಟೆಲ್‌ಗೆ, ಮಾಂಸದಂಗಡಿಗೆ ಪರವಾನಗಿ ಕೊಡುವಾಗ ಶುಚಿತ್ವದ ಷರತ್ತು ಹಾಕ್ತಾರಲ್ಲ, ಅದೇ ಕೆಲಸ. ಚರ್ಮ ಚುಚ್ಚೋ ವ್ಯವಹಾರ ಅಂತ ಒಂದು ಸಾಲು ಬರೆದು, ಒಮ್ಮೆ ಬಳಸಿ ಎಸೆಯೋ ಸೂಜಿ, ಗಿರಾಕಿಗೊಂದು ಇಂಕ್ ಕಪ್, ಕೈ ತೊಳೆಯೋ ನಲ್ಲಿ, ಸೂಜಿ ಡಬ್ಬ, ಗಿರಾಕಿಯ ಹೆಸರು ವಯಸ್ಸಿನ ರಿಜಿಸ್ಟರ್, ಕೆಲಸಗಾರರಿಗೆ ಹೆಪಟೈಟಿಸ್ ಬಿ ಲಸಿಕೆ ಇಷ್ಟು ಕೇಳಿದರೆ ಸಾಕು. ಪ್ಲಾಸ್ಟಿಕ್ ಕವರ್ ಹುಡುಕಿಕೊಂಡು ಕಿರಾಣಿ ಅಂಗಡಿಗೆ ಬರೋ ಆರೋಗ್ಯ ನಿರೀಕ್ಷಕರು ಇನ್ನೆರಡು ಹೆಜ್ಜೆ ಹಾಕಿದರೆ ಸ್ಟುಡಿಯೋ ಸಿಗುತ್ತೆ. ಕವರ್‌ಗೆ ದಂಡ ಕಟ್ಟಿದ ಅಂಗಡಿಯವರು ಇದನ್ನ ಓದಿ ನಗಬಹುದು.

ಸೂಜಿ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೂ ಉತ್ತರ ಬೇಕು. ಸ್ಟುಡಿಯೋ ಸೂಜಿ ಕಸದ ಚೀಲಕ್ಕೆ ಬಿದ್ದರೆ ಬೆಳಿಗ್ಗೆ ಕೈಗೆ ಚುಚ್ಚಿಸಿಕೊಳ್ಳೋದು ಪೌರಕಾರ್ಮಿಕರು. ತುಂಬಿದ ಡಬ್ಬವನ್ನ ತಾಲೂಕು ಆಸ್ಪತ್ರೆಯ ತ್ಯಾಜ್ಯದ ಜೊತೆ ಸಾಗಿಸೋ ವ್ಯವಸ್ಥೆ ಮಾಡಿಕೊಡೋದು ತಾಲೂಕು ಆರೋಗ್ಯಾಧಿಕಾರಿಗಳು ಮನಸ್ಸು ಮಾಡಿದರೆ ದೊಡ್ಡ ಕೆಲಸವಲ್ಲ.

ಜಾತ್ರೆಗೆ ಇನ್ನೂ ಸುಲಭ. ಅಲ್ಲಿ ಒಂದೊಂದು ಅಡಿ ಜಾಗಕ್ಕೂ ದುಡ್ಡು ಕಟ್ಟಿ, ಹೆಸರು ಬರೆಸಿ ಮಳಿಗೆ ಹಿಡೀತಾರೆ. ಜಾಯಿಂಟ್ ವೀಲ್‌ಗೆ ಸುರಕ್ಷತೆಯ ಪತ್ರ ಕೇಳ್ತಾರೆ, ಯಾಕೆಂದರೆ ಬಿದ್ದರೆ ಎಲ್ಲರಿಗೂ ಕಾಣುತ್ತೆ. ಟ್ಯಾಟೂ ಮಳಿಗೆಯಲ್ಲಿ ಆಗೋ ಅನಾಹುತ ಜಾತ್ರೆ ಮುಗಿದು ಎಷ್ಟೋ ವರ್ಷದ ಮೇಲೆ ಕಾಣುತ್ತೆ, ಆಗ ಯಾವ ಜಾತ್ರೆ, ಯಾವ ಮಳಿಗೆ ಅಂತ ಯಾರಿಗೂ ನೆನಪಿರಲ್ಲ. ಜಾಗ ಕೊಡೋ ಸಮಿತಿ ಷರತ್ತು ಹಾಕಬಹುದು, ಪೂರೈಸದವರಿಗೆ ಜಾಗ ಇಲ್ಲ ಅನ್ನಬಹುದು. ಮೆಹಂದಿ ಹಾಕೋರಿಗೆ, ಸ್ಟಿಕರ್ ಟ್ಯಾಟೂ ಮಾರೋರಿಗೆ ಜಾಗ ಕೊಟ್ಟರೆ ಮಕ್ಕಳ ಆಸೆಯೂ ತೀರುತ್ತೆ.

ಸ್ಟುಡಿಯೋ ನಡೆಸೋರು ಇದನ್ನ ಕಿರುಕುಳ ಅನ್ಕೊಳ್ಳಬೇಕಾಗಿಲ್ಲ. ಈಗ ಪ್ರತಿ ಗಿರಾಕಿಗೆ ಹೊಸ ಕಾಟ್ರಿಜ್ ಹಾಕೋರು, ಹಳೇ ಸೂಜಿ ತೊಳೆದು ಹಾಕೋರ ಜೊತೆ ರೇಟಿನಲ್ಲಿ ಪೈಪೋಟಿ ಮಾಡಬೇಕಾಗಿದೆ. ನಿಯಮ ಇಲ್ಲದ ಕಡೆ ಸೋಲೋದು ಸರಿಯಾಗಿ ಕೆಲಸ ಮಾಡೋರೇ. ಗೋಡೆ ಮೇಲೆ ಪರವಾನಗಿ ತೂಗುಹಾಕಿದರೆ ಅದೇ ಅವರ ಜಾಹೀರಾತು. ಒಂದು ಭಯ ಮಾತ್ರ ನಿಜ: ಷರತ್ತು ಹೆಚ್ಚಾದಷ್ಟೂ ತಪಾಸಣೆಗೆ ಬಂದವರ ಕೈ ಬಿಸಿ ಮಾಡೋ ಖರ್ಚೂ ಹೆಚ್ಚಬಹುದು. ಅದಕ್ಕೇ ಷರತ್ತು ಕಡಿಮೆ ಇರಲಿ, ಗಿರಾಕಿಯೇ ಕಣ್ಣಾರೆ ನೋಡಿ ಹೇಳುವಂಥದ್ದಿರಲಿ.

ಈಗಾಗಲೇ ಹಾಕಿಸಿಕೊಂಡಿದ್ದರೆ

ಸೂಜಿ ಹಳೇದಿತ್ತು ಅನ್ನೋ ಅನುಮಾನ ಆ ದಿನವೇ ಬಂದರೆ ನಾಚಿಕೆ ಬಿಟ್ಟು ತಾಲೂಕು ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯೋ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಮಾತ್ರ ಉಪಯೋಗ, ಬೇಗ ಆದಷ್ಟೂ ಒಳ್ಳೇದು. ಹೆಪಟೈಟಿಸ್ ಬಿ ಲಸಿಕೆಯನ್ನೂ ಮೊದಲ 24 ಗಂಟೆಯೊಳಗೆ ಹಾಕಿಸಿಕೊಂಡರೆ ರಕ್ಷಣೆ ಹೆಚ್ಚು. ಕೊಡಬೇಕೋ ಬೇಡವೋ ಅನ್ನೋದು ವೈದ್ಯರು ಪೂರ್ತಿ ವಿಷಯ ಕೇಳಿ ನಿರ್ಧರಿಸ್ತಾರೆ. ಹಿಂದೆ ಯಾವಾಗಲೋ ಜಾತ್ರೆಯಲ್ಲಿ ಹಾಕಿಸಿಕೊಂಡವರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು. ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಹೆಸರು ಗುಟ್ಟಾಗಿರುತ್ತೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಚಿಕಿತ್ಸೆಗೂ ಸರ್ಕಾರಿ ವ್ಯವಸ್ಥೆ ಇದೆ. ಕೇಳೋಕೆ ಸಂಕೋಚ ಇರೋರು 1097ಕ್ಕೆ ಅಥವಾ 104ಕ್ಕೆ ಫೋನ್ ಮಾಡಬಹುದು.

ಟ್ಯಾಟೂ ಹಾಕಿಸಿಕೊಂಡ ಮೇಲೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ, ಶಿಬಿರದಲ್ಲಿ ಮುಚ್ಚಿಡಬಾರದು. ಸೇನೆಗೆ ತಯಾರಿ ನಡೆಸ್ತಿರೋ ಹುಡುಗರು ಇನ್ನೊಂದು ನೆನಪಿಡಬೇಕು. ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಬದಿ ಮತ್ತು ಹಸ್ತದ ಹಿಂಬದಿ ಬಿಟ್ಟು ಬೇರೆಲ್ಲೇ ಶಾಶ್ವತ ಟ್ಯಾಟೂ ಇದ್ದರೂ ಭರ್ತಿಯಲ್ಲಿ ತೊಡಕಾಗುತ್ತೆ. ಬುಡಕಟ್ಟು ಸಮುದಾಯದವರ ಸಂಪ್ರದಾಯದ ಹಚ್ಚೆಗೆ ಮಾತ್ರ ವಿನಾಯಿತಿ ಇದೆ.

ಇನ್ನು ತೊಂದರೆಯಾದರೆ ದೂರು ಕೊಡೋದು ಎಲ್ಲಿ ಅನ್ನೋ ಪ್ರಶ್ನೆ. ಅಪಾಯಕಾರಿ ಸೋಂಕು ಹರಡುವಂತೆ ನಿರ್ಲಕ್ಷ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 271ನೇ ಸೆಕ್ಷನ್ ಇದೆ. ಸೇವೆಯಲ್ಲಿ ಲೋಪ ಅಂತ ಶಿವಮೊಗ್ಗದ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಎರಡಕ್ಕೂ ಬೇಕಾಗೋದು ಯಾರು, ಯಾವಾಗ, ಎಲ್ಲಿ ಚುಚ್ಚಿದರು ಅನ್ನೋ ಗುರುತು. ಪೇಟೆ ಸ್ಟುಡಿಯೋದಲ್ಲಿ ಬಿಲ್ ಕೇಳಿ ಇಟ್ಟುಕೊಂಡರೆ, ಅದರ ಮೇಲೆ ಬಳಸಿದ ಕಾಟ್ರಿಜ್‌ನ ಬ್ಯಾಚ್ ನಂಬರ್ ಬರೆಸಿಕೊಂಡರೆ ಅಷ್ಟು ಗುರುತು ಸಿಕ್ಕಿತು. ಜಾತ್ರೆ ಮಳಿಗೆಯವರು ಬಿಲ್ ಕೊಡೋದಿಲ್ಲ, ಮುಂದಿನ ವಾರ ಅವರು ಇನ್ನೊಂದು ಜಿಲ್ಲೆಯ ಇನ್ನೊಂದು ಜಾತ್ರೆಯಲ್ಲಿ ಇರ್ತಾರೆ.